ತುಂಬಿದ ಲೋಟ ಬಿಟ್ಟು ಏಳುವ ಹಾಗಿಲ್ಲ

ವೆನಿಸ್
30 ಆಗಸ್ಟ್ 1959

ಮುದ್ದಿನ ಸೊಸೆ ದೊರೀನಾಗೆ,

ನಾನು ಚೆನ್ನಾಗಿದ್ದೇನೆ. ನನ್ನ ಹೊಟ್ಟೆ ನನಗಿಂತ ಚೆನ್ನಾಗಿದೆ.

ಸಿಟ್ಟಾಗಬೇಡ. ನೀನು ಕಳಿಸಿದ್ದು ವಿಯೆನ್ನಾಕ್ಕೆ, ನಾನು ಬರೆಯುತ್ತಿರುವುದು ವೆನಿಸ್‌ನಿಂದ. ನಮ್ಮ ಮೊಂಟೆಸ್ಪಿನೊ ಬೆಟ್ಟ ಇಳಿದು ಊದಿನೆ ನಿಲ್ದಾಣಕ್ಕೆ ಬಂದಾಗ ಬಲಗಡೆ ವಿಯೆನ್ನಾದ ರೈಲು, ಎಡಗಡೆ ವೆನಿಸ್ಸಿನದು. ವಿಯೆನ್ನಾ ರೈಲಿನ ಗಾರ್ಡಿಗೆ ನಮ್ಮ ಹಳೇ ಪಾದ್ರಿಯ ಮುಖವಿತ್ತು. ನಾನು ಎಡಗಡೆ ಹತ್ತಿದೆ. ಅಲ್ಲದೆ, ಚಕ್ರವರ್ತಿಗಳು ಆಳಿದ ಊರಿಗೆ ಹೋಗುವವನು ವೆನಿಸ್ಸನ್ನೂ ನೋಡಿರದಿದ್ದರೆ ಅಲ್ಲಿನವರು ಏನಂದುಕೊಂಡಾರು?

ದೊರೀ, ಇಂಥ ಊರು ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮೂರ ಮೇಷ್ಟ್ರ ಭೂಪಟದಲ್ಲಿ ವೆನಿಸ್ ಇರಬೇಕಾದ ಕಡೆ ಇಲಿ ಕಡಿದಿತ್ತು. ನಿಲ್ದಾಣದಿಂದ ಹೊರಗೆ ಕಾಲಿಟ್ಟೆ, ರಸ್ತೆ ಇರಬೇಕಾದಲ್ಲಿ ನೀರು! ಬಸ್ಸಿಗೆ ಬದಲು ದೋಣಿ. ಪೊಲೀಸರೂ ದೋಣಿಯಲ್ಲಿ, ಹೆಣವೂ ದೋಣಿಯಲ್ಲಿ, ಎಲೆಕೋಸೂ ದೋಣಿಯಲ್ಲಿ. ನಾನು ಮೆಟ್ಟಿಲ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದೆನೆಂದರೆ, ಒಬ್ಬ ಕೂಲಿಯವನು ಬಂದು, "ಯಜಮಾನ್ರೆ, ನೀವು ಇಲ್ಲೇ ಇಳ್ಕೊಂಡಿದೀರಾ?" ಎಂದು ಕೇಳಿದ.

ದೊಡ್ಡ ಇಗರ್ಜಿಗೂ ಹೋಗಿದ್ದೆ. ಚಾವಣಿಯೆಲ್ಲ ಚಿನ್ನ. ಅಕ್ಟೋಬರಿನಲ್ಲಿ ನಮ್ಮ ಬೆಟ್ಟದ ಮರಗಳು ಹಳದಿಯಾದಾಗ ಸಂಜೆ ಬಿಸಿಲು ಕಾಡಿನೊಳಗೆ ಒಂದೇ ಗಳಿಗೆ ಬಿದ್ದು ಹೋಗುತ್ತದಲ್ಲ, ಆ ಗಳಿಗೆಯನ್ನು ಹಿಡಿದು ಉಗುರಿನಷ್ಟು ಉಗುರಿನಷ್ಟು ಚೂರು ಮಾಡಿ ಮೇಲೆ ಮೆತ್ತಿದ್ದಾರೆ. ಟೋಪಿ ತೆಗೆದವನು ಮತ್ತೆ ಹಾಕಿಕೊಳ್ಳಲು ಮರೆತು, ಬರಿತಲೆಯಲ್ಲೇ ಊಟಕ್ಕೆ ಹೋದೆ.

ಊಟದಂಗಡಿಯಲ್ಲಿ ಕಪ್ಪು ಅನ್ನ ತಂದಿಟ್ಟರು. "ಅಮ್ಮಾ, ಅನ್ನ ಸೀದೋಗಿದೆ" ಅಂದೆ.

"ಸೀದಿಲ್ಲ ಕಣಯ್ಯಾ, ಅದು ಮೀನಿನ ಶಾಯಿ. ನೀನು ಬೆಟ್ಟದ ಕಡೆಯವನಾ?"

"ಮೊಂಟೆಸ್ಪಿನೊ."

"ಅದಕ್ಕೇ ಮತ್ತೆ! ಮಾತಾಡ್ದೆ ತಿನ್ನು."

ತಿಂದೆ. ಮಾತು ನಿಜಕ್ಕೂ ನಿಂತುಹೋಯಿತು. ಸಮುದ್ರ ಅಂದರೆ ಏನು ಎಂದು ಬಾಯಿಗೆ ತಿಳಿದಿದ್ದು ಆಗಲೇ. ಹಲ್ಲು ಇನ್ನೂ ಕಪ್ಪಗಿದೆ. ಕನ್ನಡಿ ಮುಂದೆ ನಿಂತು ನಕ್ಕರೆ ನನಗೇ ಹೆದರಿಕೆ.

ನಿಮ್ಮಪ್ಪನಿಗೆ ಹೇಳು, ಭಾವ ಎರವಲು ಕೊಟ್ಟ ಸೂಟಿಗೆ ಏನೂ ಆಗಿಲ್ಲ. ಸೊಂಟದ ಹತ್ತಿರ ಸ್ವಲ್ಪ ಬಿಗಿಯಾಗಿ ಮಾತಾಡುತ್ತಿದೆ, ಅಷ್ಟೇ.

ನಿನ್ನ ಮದುವೆಗೆ ಚಿಕ್ಕಮ್ಮನನ್ನು ವಿಯೆನ್ನಾದಿಂದ ಕರೆದುಕೊಂಡೇ ಬರುತ್ತೇನೆ. ಆಲ್ಚೀದೆ ಮಾತು ಕೊಟ್ಟರೆ ಬೆಟ್ಟವೂ ಜರುಗಬೇಕು. ಮುಂದಿನ ಕಾಗದವನ್ನು ತ್ರಿಯೆಸ್ತೆಯ ಅಂಚೆ ಕಚೇರಿಗೆ ಬರೆ.

ಇಡೀ ವೆನಿಸ್ ನೋಡಿ ಮುಗಿಸಿದ
ನಿನ್ನ ಸೋದರಮಾವ
ಆಲ್ಚೀದೆ

*

ಮೊಂಟೆಸ್ಪಿನೊ
5 ಸೆಪ್ಟೆಂಬರ್ 1959

ಮಾವಾ,

ತ್ರಿಯೆಸ್ತೆ ಯಾಕೆ? ವಿಯೆನ್ನಾ ಇರುವುದು ಉತ್ತರಕ್ಕೆ. ನೀನು ಮೊದಲು ಪಡುವಣಕ್ಕೆ ಹೋದೆ, ಈಗ ಮೂಡಣಕ್ಕೆ ಹೋಗುತ್ತಿದ್ದೀಯ. ಇಲಿ ಕಡಿದದ್ದು ಭೂಪಟವನ್ನೋ ನಿನ್ನ ತಲೆಯನ್ನೋ?

ನಗುತ್ತಿಲ್ಲ ನಾನು. ಮದುವೆ ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ. ಮದುವೆಯ ಸಿಹಿರೊಟ್ಟಿ ಗುಬಾನಾದ ಹಿಟ್ಟನ್ನು ಮದುಮಗಳ ತಾಯಿ ನಾದಬೇಕು, ತಾಯಿ ಇಲ್ಲದಿದ್ದರೆ ತಾಯಿಯ ತಂಗಿ. ಆಮೇಲೆ ವಾಲ್ನಟ್, ಒಣದ್ರಾಕ್ಷಿ ತುಂಬಿ, ಸುರುಳಿ ಸುತ್ತಿ, ಬೇಯಿಸಿ, ಸಾರಾಯಿ ಚಿಮುಕಿಸಿ ಹತ್ತು ದಿನ ಬಟ್ಟೆಯಲ್ಲಿ ಕಟ್ಟಿಡಬೇಕು. ಇದೆಲ್ಲ ನಿನಗೂ ಗೊತ್ತು. ಪಕ್ಕದ ಮನೆಯ ಜೆಮ್ಮಾ ಅಜ್ಜಿ, "ಪಾಪ, ಪೇಟೆಯಿಂದ ಕೊಂಡು ತಂದ್ರೂ ಆಗುತ್ತೆ ಬಿಡು, ಏನ್ಮಾಡೋದು" ಅಂತ ಬಾವಿ ಕಟ್ಟೆ ಹತ್ತಿರ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ. ಅವಳ ಕೈ ಹೇಗಿತ್ತು ಎಂದು ನನಗೆ ನೆನಪಿಲ್ಲ. ಆ ಕೈಯಂಥ ಇನ್ನೊಂದು ಜೊತೆ ಕೈ ವಿಯೆನ್ನಾದಲ್ಲಿದೆ. ನನ್ನ ಮದುವೆಯ ರೊಟ್ಟಿ ಆ ಕೈಯಲ್ಲೇ ಆಗಬೇಕು.

ಚಿಕ್ಕಮ್ಮನಿಗೆ ವಸಂತದಲ್ಲಿ ಬರೆದಿದ್ದೆನಲ್ಲ, ಅದಕ್ಕೆ ಬಂದ ಉತ್ತರ ಒಂದೇ ಸಾಲು: "ನನ್ನ ಲೋಟ ಈಗ ಯಾವ ಕಡೆ ಮುಖ ಮಾಡಿದೆ?" ಅಜ್ಜನಿಗೆ ಓದಿ ಹೇಳಿದೆ. ಅಜ್ಜ ಲೋಟಗಳ ಹಲಗೆಯ ಕಡೆ ನೋಡಲೂ ಇಲ್ಲ. "ಬೇಕಾದವಳು ಬಂದು ನೋಡ್ಲಿ" ಅಂದರು. ಅವರು ಲೋಟ ಎತ್ತುವವರೆಗೆ ಇವರು ಬರುವುದಿಲ್ಲ, ಇವರು ಬರುವವರೆಗೆ ಅವರು ಎತ್ತುವುದಿಲ್ಲ. ಅವರಿಬ್ಬರ ನಡುವೆ ತೂರಿಕೊಳ್ಳುವಷ್ಟು ನಾಚಿಕೆಗೆಟ್ಟವನು ಈ ಮನೆಯಲ್ಲಿ ನೀನೊಬ್ಬನೇ. ಅದಕ್ಕೇ ನಿನ್ನನ್ನು ಕಳಿಸಿದ್ದು.

ಹಲಗೆಯ ಮೇಲೆ ಮನೆಯ ಒಬ್ಬೊಬ್ಬರಿಗೆ ಒಂದರಂತೆ ಏಳು ಲೋಟ, ಆರು ಮೇಲ್ಮುಖ, ಚಿಕ್ಕಮ್ಮ ಮನೆ ಬಿಟ್ಟ ದಿನ ಅಜ್ಜ ಕವುಚಿದ್ದು ಒಂದು. ಮೊದಲ ಮಹಾಯುದ್ಧದಲ್ಲಿ ಅಜ್ಜನ ತಮ್ಮನನ್ನು ಬೆಟ್ಟದ ಮೇಲೆ ಕೊಂದವರು ಆಸ್ಟ್ರಿಯಾದವರು, ಚಿಕ್ಕಮ್ಮ ಕಟ್ಟಿಕೊಂಡವರೂ ಆಸ್ಟ್ರಿಯಾದವರು. ಒಪ್ಪುತ್ತೇನೆ. ಆದರೆ ಸತ್ತುಹೋದ ಅಮ್ಮನ ಲೋಟವೂ ನೆಟ್ಟಗೆ ನಿಂತಿದೆಯಲ್ಲ ಮಾವ.

ಮೊನ್ನೆ ನನ್ನ ಎಲ್ವಿಯೊನ ಅಪ್ಪ ಮದುವೆ ಮಾತಿಗೆ ಬಂದಿದ್ದರು. ಅಜ್ಜನಿಗೆ ಅವರು ಬಲು ಇಷ್ಟವಾಗಿಬಿಟ್ಟರು, ಲೋಟ ತುಂಬುತ್ತಲೇ ಹೋದರು. ಪಾಪ, ನಮ್ಮೂರಲ್ಲಿ ತುಂಬಿದ ಲೋಟ ಬಿಟ್ಟು ಏಳುವ ಹಾಗಿಲ್ಲವಲ್ಲ. ಹಸು ಕರೆಯುವ ಹೊತ್ತು ಮೀರಿತು, ಅವರ ಹೆಂಡತಿ ಹುಡುಕಿಕೊಂಡು ಬಂದಳು. ಕೊನೆಗೆ ಅವರು ಗಟಗಟನೆ ಕುಡಿದು, ಅಜ್ಜ ಹೂಜಿ ಎತ್ತುವ ಮೊದಲೇ ಲೋಟ ಕವುಚಿ, "ಅಪ್ಪಣೆ ಕೊಡಿ" ಎಂದು ಓಡಿದರು.

ಸುಳ್ಳು ಹೇಳದೆ ಬರೆ: ಹೆದರಿಕೆಯಾ ನಿನಗೆ?

ನಿನ್ನ
ದೊರೀನಾ

*

ತ್ರಿಯೆಸ್ತೆ
11 ಸೆಪ್ಟೆಂಬರ್ 1959

ಬಾಯಿಬಡುಕಿ ದೊರೀನಾಗೆ,

ಹೆದರಿಕೆ! ನನಗೆ! ಕರಡಿಯ ಎದುರು ನಿಂತವನು ನಾನು. (ಅದು ಹೆಸರಿಗೆ ಕರಡಿಯಲ್ಲ, ಹೋರಿ. ಆದರೆ ಕತ್ತಲಲ್ಲಿ ಕರಡಿಯ ಹಾಗೆಯೇ ಇತ್ತು.)

ತ್ರಿಯೆಸ್ತೆಯ ಚೌಕಕ್ಕೆ ಮೂರು ಕಡೆ ಅರಮನೆಗಳು, ನಾಲ್ಕನೇ ಕಡೆ ಕಟ್ಟುವವರು ಕೈಬಿಟ್ಟು ಸಮುದ್ರವನ್ನೇ ಗೋಡೆ ಮಾಡಿಕೊಂಡಿದ್ದಾರೆ. ಸಂಜೆಯಾಗುತ್ತಲೂ ಊರಿಗೆ ಊರೇ ಇಸ್ತ್ರಿ ಬಟ್ಟೆ ಹಾಕಿಕೊಂಡು ಕಲ್ಲುಕಟ್ಟೆಯ ಮೇಲೆ ಸಮುದ್ರದೊಳಕ್ಕೆ ನಡೆದುಹೋಗುತ್ತದೆ. ತುದಿ ಮುಟ್ಟಿ ಸುಮ್ಮನೆ ವಾಪಸು. ಯಾಕೆ ಅಂತ ಒಬ್ಬ ಮುದುಕನನ್ನು ಕೇಳಿದೆ. "ಸೂರ್ಯ ಮುಳುಗ್ತಾನಲ್ಲಪ್ಪ, ಒಬ್ಬನೇ ಹೋಗ್ಬಾರ್ದಲ್ಲ" ಅಂದ. ನಾನೂ ಮೂರು ಸಂಜೆ ಕಳಿಸಿಕೊಟ್ಟು ಬಂದೆ. ನೀರು ಮೊದಲು ತಾಮ್ರ, ಆಮೇಲೆ ನೇರಳೆ, ಆಮೇಲೆ ಏನೂ ಇಲ್ಲ. ನೆರೆದ ಜನ ಒಂದು ಕ್ಷಣ ಮಾತು ಬಿಟ್ಟರು. ಪೂಜೆಯಲ್ಲೂ ನಮ್ಮೂರು ಅಷ್ಟು ಸುಮ್ಮನಿರುವುದಿಲ್ಲ.

ಹಗಲು ಹಂದಿ ಮಾಂಸದ ಅಂಗಡಿ. ಕೊಪ್ಪರಿಗೆಯಿಂದ ಹಬೆಯಾಡುವ ತುಂಡನ್ನು ಎತ್ತಿ, ಹೆಚ್ಚಿ, ಮೇಲೆ ಒಂದು ಖಾರದ ಬೇರನ್ನು ತುರಿದು ಹಾಕುತ್ತಾರೆ. ಅದು ಮೂಗಿನಲ್ಲಿ ಹೊಕ್ಕು ನೆತ್ತಿಯಲ್ಲಿ ಹೊರಬರುತ್ತದೆ. ಕಣ್ಣಲ್ಲಿ ನೀರು. ಪಕ್ಕದವನು, "ಯಾರಾದ್ರೂ ತೀರ್ಕೊಂಡ್ರಾ?" ಅಂದ. "ಇಲ್ಲಪ್ಪಾ, ಇನ್ನೊಂದು ತಟ್ಟೆ ಹೇಳು" ಅಂದೆ. ಸೂಟಿನ ಕೆಳಗಿನ ಗುಂಡಿಯನ್ನು ಮರ್ಯಾದೆಯಿಂದ ಬಿಡುಗಡೆ ಮಾಡಿದ್ದೇನೆ.

ವಿಯೆನ್ನಾದ ಟಿಕೆಟ್ ತೆಗೆದಿದ್ದೇನೆ. ದಿನ ಬದಲಾಯಿಸಿದೆ. ಮತ್ತೆ ಬದಲಾಯಿಸಿದೆ. ಕಿಟಕಿಯ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ವಿಯೆನ್ನಾ ಎಲ್ಲೂ ಓಡಿಹೋಗಲ್ಲ ಸ್ವಾಮಿ. ಓಡ್ತಿರೋರು ಯಾರು ಅಂತ ನೋಡ್ಕೊಳಿ" ಅಂದ. ಈ ಊರಿನವರಿಗೆ ಬಾಯಿ ಜಾಸ್ತಿ.

ಮೊನ್ನೆ ಕಲ್ಲುಕಟ್ಟೆಯ ಮೇಲೆ ಮುಂದೆ ಒಬ್ಬಳು ನಡೆಯುತ್ತಿದ್ದಳು. ಅದೇ ನಡಿಗೆ, ಅದೇ ಜಡೆ. ನಿನ್ನ ಚಿಕ್ಕಮ್ಮ ಎರ್ಮೀನಿಯಾ ಎಂದುಕೊಂಡು ಹಿಂದೆ ಹೋದೆ. ತಿರುಗಿದಳು. ಹತ್ತೊಂಬತ್ತರ ಹುಡುಗಿ. ನಮ್ಮ ಎರ್ಮಿಗೆ ಈಗ ಐವತ್ತು ಹತ್ತಿರವಾಯಿತು ಅಲ್ಲವೇನೇ? ಅವಳು ಮನೆ ಬಿಟ್ಟ ದಿನ ಸೇತುವೆಯವರೆಗೆ ಪೆಟ್ಟಿಗೆ ಹೊತ್ತವನು ನಾನು. ಅಂದಿನಿಂದ ನನ್ನ ತಲೆಯೊಳಗೆ ಅವಳಿಗೆ ವಯಸ್ಸಾಗಿಲ್ಲ.

ಎದುರು ಬಂದರೆ ಗುರುತು ಸಿಗದಿದ್ದರೆ?

ಇರಲಿ. ಗುರುವಾರದ ರೈಲು. ಕಾಗದವನ್ನು ವಿಯೆನ್ನಾಕ್ಕೇ ಬರೆ.

ಹೋರಿಗಂಜದ
ಆಲ್ಚೀದೆ

*

ಮೊಂಟೆಸ್ಪಿನೊ
16 ಸೆಪ್ಟೆಂಬರ್ 1959

ಮಾವಾ,

ರೈಲು ಹತ್ತಿದೆಯಾ? ಹತ್ತಿದ್ದರೆ ಮಾತ್ರ ಮುಂದೆ ಓದು.

ನಿನ್ನ ಕಾಗದಗಳನ್ನು ಒಲೆಯ ಪಕ್ಕ ಕೂತು ಗಟ್ಟಿಯಾಗಿ ಓದುತ್ತೇನೆ. ಅಪ್ಪ ಸೂಟಿನ ವಿಷಯ ಬಂದಾಗಲೆಲ್ಲ ಎದ್ದು ಹೊರಗೆ ಹೋಗಿ ಸೌದೆ ಒಡೆಯುತ್ತಾರೆ. ಅಜ್ಜ ಕೇಳಿಸಿಕೊಳ್ಳುತ್ತಿಲ್ಲ ಎನ್ನುವ ಹಾಗೆ ಬೆಂಕಿ ಕೆದಕುತ್ತಾರೆ. ಆದರೆ ಬೆಳಿಗ್ಗೆ ಅಂಚೆಯವಳು ಬಾಗಿಲಿಗೆ ಬರುವ ಮೊದಲೇ, "ಆ ತಿಂಡಿಪೋತಂದು ಏನಾದ್ರೂ ಬಂತೇನಮ್ಮ?" ಎಂದು ಕೂಗುತ್ತಾರೆ.

ಚಿಕ್ಕಮ್ಮನ ಹೆಸರು ಎತ್ತುವುದಿಲ್ಲ. ನಿನ್ನೆ ಮಾತ್ರ ವಾಲ್ನಟ್ ಒಡೆಯುತ್ತ ಕೂತವರು ನನ್ನ ಕಡೆ ನೋಡದೆ ಕೇಳಿದರು: "ವಿಯೆನ್ನಾದಲ್ಲಿ ಈಗ ಚಳಿ ಶುರುವಾಗಿರುತ್ತಾ?"

"ಗೊತ್ತಿಲ್ಲ ಅಜ್ಜ."

"ಕೇಳಿ ಬರಿ. ಸುಮ್ನೆ."

ಸುಮ್ಮನೆಯಂತೆ, ಮಾವ.

ದೊರೀನಾ

*

ವಿಯೆನ್ನಾ
22 ಸೆಪ್ಟೆಂಬರ್ 1959

ದೊರೀ,

ಬಂದಿದ್ದೇನೆ.

ಈ ಊರನ್ನು ಹೇಗೆ ಬರೆಯಲಿ? ವೆನಿಸ್ ನೀರಿನ ಮೇಲೆ ತೇಲುತ್ತದೆ, ಇದು ನೆಲದ ಮೇಲೆ ಎದೆಯುಬ್ಬಿಸಿ ನಿಂತಿದೆ. ಬೀದಿಗಳು ನಮ್ಮ ಗೋಮಾಳಕ್ಕಿಂತ ಅಗಲ. ಮನೆಗಳ ಸೂರನ್ನು ಕಲ್ಲಿನ ಗಂಡಸರು ಹೆಗಲ ಮೇಲೆ ಹೊತ್ತಿದ್ದಾರೆ. ಅವರ ಕಷ್ಟ ನೋಡಲಾಗದೆ ಒಬ್ಬನಿಗೆ ನಮಸ್ಕಾರ ಹಾಕಿದೆ. ಯುದ್ಧದಲ್ಲಿ ಸುಟ್ಟುಹೋದ ಸಂಗೀತ ಮಂದಿರವನ್ನು ಮೊದಲಿನ ಹಾಗೆಯೇ ಕಟ್ಟಿದ್ದಾರಂತೆ. ಹಿಂದುಗಡೆ ನಿಂತು ಕೇಳುವವರ ಜಾಗಕ್ಕೆ ಟಿಕೆಟ್ ಸಿಕ್ಕಿತು. ಒಬ್ಬ ದಪ್ಪ ಹೆಂಗಸು ಸಾಯುತ್ತಾ ಹಾಡಿದಳು. ಭಾಷೆ ತಿಳಿಯಲಿಲ್ಲ. ಆದರೂ ಅವಳ ದನಿ ಮೇಲಕ್ಕೆ, ಮೇಲಕ್ಕೆ, ಇನ್ನು ಹಾದಿಯಿಲ್ಲ ಎನ್ನುವ ಕಡೆ ಹೋಗಿ, ಅಲ್ಲಿಂದ ಮತ್ತೊಂದು ಮೆಟ್ಟಿಲು ಹತ್ತಿದಾಗ ನನ್ನ ಮುಂಗೈ ಕೂದಲೆಲ್ಲ ಎದ್ದು ನಿಂತವು. ಮುಂದಿದ್ದ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಮುಗಿದ ಮೇಲೆ ಪಕ್ಕದವನು ಬೆರಳು ಬಿಡಿಸಬೇಕಾಯಿತು.

ಇನ್ನು ನಿನ್ನ ಕೆಲಸ.

ಎರ್ಮಿಯ ವಿಳಾಸಕ್ಕೆ ಹೋದೆ. ಮನೆ ಕಾಯುವ ಹೆಂಗಸಿಗೆ ನಮ್ಮ ಮಾತು ಅಷ್ಟಿಷ್ಟು ಬರುತ್ತದೆ. ಎರ್ಮಿಯ ಗಂಡ ತೀರಿಕೊಂಡು ಆರೇಳು ವರ್ಷವಾಯಿತಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಒಬ್ಬಳೇ ಇರುತ್ತಾಳಂತೆ, ಒಂದು ಕಾಫಿಮನೆಯ ಅಡುಗೆಕೋಣೆಯಲ್ಲಿ ಹಿಟ್ಟಿನ ಕೆಲಸ. ದಾರಿ ಕೇಳಿಕೊಂಡು ಅಲ್ಲಿಗೇ ನಡೆದೆ.

ಕಾಫಿಮನೆ ಅಂದರೆ ನಮ್ಮೂರಿನದಲ್ಲ. ಅಮೃತಶಿಲೆಯ ಮೇಜು, ಕೆಂಪು ಮಖಮಲ್ಲು, ಎತ್ತರದ ಕಿಟಕಿ, ಕೋಲಿಗೆ ಕಟ್ಟಿದ ಪತ್ರಿಕೆಗಳು. ಒಬ್ಬರೂ ಅವಸರದಲ್ಲಿಲ್ಲ. ಮಾಣಿ ನನಗಿಂತ ಹಿರಿಯ, ಕಪ್ಪು ಕೋಟು, ಬಿಷಪ್ಪನ ಗತ್ತು. ಹೆಸರು ಲೆಯೊಪೋಲ್ಡ್. ನಾನು ಜರ್ಮನ್ ಭಾಷೆಯಲ್ಲಿ, "ಒಳಗೆ ಎರ್ಮೀನಿಯಾ ಇದಾಳಲ್ಲ, ಅವಳಿಗೆ ಆಲ್ಚೀದೆ ಬಂದಿದಾನೆ ಅಂತ ಹೇಳಿ" ಅಂದೆ. ನನ್ನ ಜರ್ಮನ್ ಅವನಿಗೆ ಎಷ್ಟು ಚೆನ್ನಾಗಿ ತಿಳಿಯಿತೆಂದರೆ, ಅವನು ಇಟಾಲಿಯನ್ನಿನಲ್ಲಿ, "ಹೇಳ್ತೀನಿ ಸ್ವಾಮಿ" ಅಂದ.

ಒಳಗೆ ಹೋದ. ಬಹಳ ಹೊತ್ತಾದ ಮೇಲೆ ಬಂದ. ಬೆಳ್ಳಿ ತಟ್ಟೆಯಲ್ಲಿ ನೊರೆ ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು, ಲೋಟದ ಬಾಯಿಗೆ ಅಡ್ಡಲಾಗಿ ಚಮಚ. 

ಕಾಫಿ ಕುಡಿದೆ. ನೀರು ಕುಡಿದೆ. ಏಳೋಣವೆಂದು ಟೋಪಿಗೆ ಕೈ ಹಾಕಿದರೆ ಲೆಯೊಪೋಲ್ಡ್ ಇನ್ನೊಂದು ಲೋಟ ನೀರು ತಂದಿಟ್ಟ. ತುಂಬಿದ ಲೋಟ! ಹೇಗೆ ಏಳಲಿ? ಕೂತು ಕುಡಿದೆ. ಮತ್ತೊಂದು ಬಂತು. ಪಕ್ಕದ ಮೇಜಿನವರು ನೀರನ್ನು ಹಾಗೆಯೇ ಬಿಟ್ಟು ಎದ್ದು ಹೋಗುತ್ತಿದ್ದಾರೆ, ಮರ್ಯಾದೆ ತಿಳಿಯದ ಜನ. ನಾನು ಮೊಂಟೆಸ್ಪಿನೊದವನು. ಕುಡಿದೆ. ಬಂತು. ಕುಡಿದೆ. ಬಂತು. ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ತುಂಬಿದ ಲೋಟ ನನಗಾಗಿ ಕಾಯುತ್ತಿರುತ್ತಿತ್ತು. ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಡುವ ಹೊತ್ತಾಯಿತು. ಅವಳು ಬರಲಿಲ್ಲ.

ಇವತ್ತೂ ಹೋಗಿದ್ದೆ. ಅಡುಗೆಕೋಣೆಗೆ ಒಂದು ಸಣ್ಣ ಕಿಟಕಿ ಇದೆ. ಅದರ ಪರದೆ ಒಂದು ಸಲ ಅಲುಗಿದ ಹಾಗಾಯಿತು. ನೀರು ಬಂತು. ಅವಳು ಬರಲಿಲ್ಲ.

ನಮ್ಮ ಬಾವಿಯೂ ಇಷ್ಟೊತ್ತಿಗೆ ಬತ್ತಿರುತ್ತಿತ್ತು. ನಾಳೆ ಇನ್ನೊಂದು ಸಲ ನೋಡುತ್ತೇನೆ.

ತುಳುಕುತ್ತಿರುವ
ಮಾವ

*

ವಿಯೆನ್ನಾ
27 ಸೆಪ್ಟೆಂಬರ್ 1959

ದೊರೀನಾ, ದೊರೀನಾ!

ಕೂತು ಓದು. ಅಜ್ಜನಿಗೂ ಓದಿ ಹೇಳು. ಬೆಂಕಿ ಕೆದಕುವ ಕೋಲನ್ನು ಮೊದಲು ಅವರ ಕೈಯಿಂದ ತೆಗೆ.

ಮೂರನೇ ದಿನವೂ ಮಧ್ಯಾಹ್ನವೆಲ್ಲ ನೀರು ಕುಡಿದೆ. ಸಂಜೆ ದೀಪ ಹಾಕಿದರು. ಅವಳು ಬರುವುದಿಲ್ಲ ಎನ್ನುವುದು ಆಗ ನನ್ನೊಳಗೆ ಇಳಿಯಿತು. ಬಿಡು, ಅವಳಿಗೂ ಅವಳ ಸಿಟ್ಟಿದೆ. ಕೊನೆಯ ಲೋಟ ಬರಿದು ಮಾಡಿ, ನಮ್ಮೂರಿನ ಹಾಗೆ ತಟ್ಟೆಯ ಮೇಲೆ ಕವುಚಿಟ್ಟು, ಟೋಪಿ ತೆಗೆದುಕೊಂಡೆ. ಲೆಯೊಪೋಲ್ಡ್ ಆ ತಟ್ಟೆಯನ್ನು ಒಳಗೆ ಒಯ್ದ.

ಒಳಗೆ ಏನೋ ಬಿದ್ದ ಸದ್ದು. ಬಾಗಿಲು ದಡಾರನೆ ತೆರೆಯಿತು. ಮೊಣಕೈವರೆಗೆ ಹಿಟ್ಟು ಮೆತ್ತಿದ, ಬಿಳೀ ಕೂದಲಿನ ಒಬ್ಬ ಹೆಂಗಸು, ಮಖಮಲ್ಲಿನ ಕುರ್ಚಿಗಳನ್ನು ಸರಿಸಿಕೊಂಡು ಬಂದಳು. ಕೈಯಲ್ಲಿ ಆ ಲೋಟ. ಪತ್ರಿಕೆ ಓದುತ್ತಿದ್ದವರೆಲ್ಲ ತಲೆಯೆತ್ತಿದರು.

"ಇಲ್ಲಿಗೂ ಬಂದು ಕವುಚಿದ್ಯೇನೋ?" ಎಂದು ನಮ್ಮೂರ ಮಾತಿನಲ್ಲಿ, ನಮ್ಮೂರ ದನಿಯಲ್ಲಿ ಕಿರುಚಿದಳು. "ಅಲ್ಲಿ ಅಪ್ಪ ಕವುಚಿದ್ದು ಸಾಲದು ಅಂತ, ಅಷ್ಟು ದೂರದಿಂದ ಬಂದು ನೀನೂ ಕವುಚ್ತೀಯಾ?"

ಗುರುತು ಸಿಗುತ್ತದೋ ಇಲ್ಲವೋ ಅಂತಿದ್ದೆನಲ್ಲ. ಸಿಟ್ಟು ಬಂದರೆ ಮೂಗಿನ ತುದಿ ಕೆಂಪಾಗುತ್ತದೆ ದೊರೀ, ನಿನ್ನ ಹಾಗೆ, ನಿನ್ನಮ್ಮನ ಹಾಗೆ.

"ಮೂರು ದಿನ ಕೂತಿದ್ದೆ ಎರ್ಮಿ! ನೀನು ಬರ್ಲೇ ಇಲ್ವಲ್ಲ!"

"ಬರೋಕೆ ಕಾಲು ಏಳ್ಬೇಡ್ವಾ? ಏನಂತ ಮಾತಾಡ್ಲಿ ಅಂತ ಗೊತ್ತಾಗ್ಲಿಲ್ಲ. ನೀನು ಎದ್ದು ಹೋಗ್ಬಾರ್ದು ಅನ್ನೋದೊಂದೇ ಗೊತ್ತಿದ್ದಿದ್ದು. ಅದಕ್ಕೇ ನೀರು ಕಳಿಸ್ತಾ ಇದ್ದೆ."

ಇಲ್ಲಿ ಎಲ್ಲರಿಗೂ ಒಂದೆರಡು ಸಲ ನೀರು ತರುವುದು ವಾಡಿಕೆಯಂತೆ. ಅದನ್ನು ಮುಟ್ಟಲೇಬೇಕೆಂದಿಲ್ಲವಂತೆ. ಉಳಿದ ಕೊಡಗಟ್ಟಲೆ ನೀರೆಲ್ಲ ಇವಳದು! ಇಡೀ ವಿಯೆನ್ನಾದಲ್ಲಿ ತುಂಬಿದ ಲೋಟದಿಂದ ಒಬ್ಬ ಮನುಷ್ಯನನ್ನು ಕಟ್ಟಿಹಾಕಬಹುದು ಎಂದು ತಿಳಿದವಳು ಇವಳೊಬ್ಬಳೇ, ಕಟ್ಟಿಸಿಕೊಳ್ಳುವ ಪೆದ್ದ ನಾನೊಬ್ಬನೇ.

"ಅಣ್ಣಾ, ದಪ್ಪ ಆಗಿದೀಯ" ಅಂದಳು ಆಮೇಲೆ.

"ಎಲ್ಲಾ ನಿನ್ನ ನೀರೇ" ಅಂದೆ. ನಕ್ಕಳು. ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಹಿಡಿದಳು. ಲೆಯೊಪೋಲ್ಡ್ ಕಿಟಕಿಯ ಕಡೆ ತಿರುಗಿ ನಿಂತು, ಒರೆಸಿದ ಮೇಜನ್ನೇ ಒರೆಸುತ್ತಿದ್ದ.

ಮಾರನೆಯ ದಿನ ಅವಳ ಕೆಲಸ ನೋಡಿದೆ. ದೊಡ್ಡ ಮೇಜಿನ ಮೇಲೆ ಬಟ್ಟೆ ಹಾಸಿ ಹಿಟ್ಟಿನ ಒಂದು ಉಂಡೆಯನ್ನು ಮುಷ್ಟಿಯ ಬೆನ್ನಿನಿಂದ ಎಳೆಯುತ್ತ ಮೇಜಿನ ಸುತ್ತ ಸುತ್ತುತ್ತಾಳೆ. ಉಂಡೆ ದುಪ್ಪಟಿಯಾಗುತ್ತದೆ, ದುಪ್ಪಟಿ ಹೊಗೆಯಾಗುತ್ತದೆ. ಕೆಳಗಿನ ಬಟ್ಟೆಯ ಹೂವು ಹಿಟ್ಟಿನ ಮೂಲಕ ಕಾಣುತ್ತದೆ! ಅದರ ಮೇಲೆ ಸೇಬು, ದಾಲ್ಚಿನ್ನಿ, ಬೆಣ್ಣೆಯಲ್ಲಿ ಹುರಿದ ರಸ್ಕಿನ ಪುಡಿ. ಸುತ್ತಿ ಬೇಯಿಸಿ ಬಿಸಿಬಿಸಿ ತುಂಡು ಕೊಟ್ಟಳು. ಮೊದಲ ತುತ್ತಿಗೆ ನಾನು ನಿಂತೇಬಿಟ್ಟೆ. ಸಂಗೀತ ಮಂದಿರದ ಹೆಂಗಸು ಮೇಲಕ್ಕೆ ಹೋದಳಲ್ಲ, ಅಷ್ಟೇ ಎತ್ತರ, ಈ ಸಲ ಬಾಯಿಯೊಳಗೆ.

ಇವತ್ತು ಭಾನುವಾರ, ಉದ್ಯಾನದಲ್ಲಿ ತಿರುಗುವ ದೊಡ್ಡ ಚಕ್ರ ಹತ್ತಿದೆವು. ಕೋಣೆಯಷ್ಟು ದೊಡ್ಡ ಡಬ್ಬಿಗಳು ಆಕಾಶಕ್ಕೆ ಏರುತ್ತವೆ. ತುದಿಯಲ್ಲಿ ನಿಂತಾಗ ಇಡೀ ಊರು, ನದಿ, ಆಚೆಗೆ ದ್ರಾಕ್ಷಿಯ ಗುಡ್ಡಗಳು ಕಾಲ ಕೆಳಗೆ. ಅವಳು ದಕ್ಷಿಣಕ್ಕೆ ಬೆರಳು ತೋರಿಸಿ, "ಆ ಕಡೆ" ಅಂದಳು. ಅಷ್ಟೇ. ಪ್ರತಿ ವರ್ಷ ಒಂದು ಸಲ ಒಬ್ಬಳೇ ಇದನ್ನು ಹತ್ತುತ್ತಾಳಂತೆ. ನಮ್ಮ ಬೆಟ್ಟ ಕಾಣುವುದಿಲ್ಲ, ಆದರೂ.

ನಿನ್ನ ರೊಟ್ಟಿಯ ವಿಷಯ ಹೇಳಿದೆ. "ಅಕ್ಕನ ಮಗಳು ಅಲ್ವಾ" ಎಂದು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಬಿಗಿಯಾದಳು. "ಕವುಚಿದ ಲೋಟದ ಕೆಳಗೆ ನಾನು ಬಂದು ಕೂರಲ್ಲ ಅಣ್ಣಾ."

ಆಗ ನಿನ್ನ ಕಾಗದ ತೆಗೆದು, ಅಜ್ಜ ಚಳಿಯ ಬಗ್ಗೆ ಕೇಳಿದ ಸಾಲು ಓದಿದೆ. ಇನ್ನೊಂದು ಸಲ ಓದು ಅಂದಳು. ಓದಿದೆ. ಚಕ್ರ ನೆಲಕ್ಕೆ ಬಂತು. ಇಳಿದ ಮೇಲೆ ಅಂದಳು:

"ಅಪ್ಪಂಗೆ ಹೇಳು, ಇನ್ನೂ ಶುರುವಾಗಿಲ್ಲ ಅಂತ."

ನಿನ್ನ ಮಾವ
ಆಲ್ಚೀದೆ

*

ಮೊಂಟೆಸ್ಪಿನೊ
3 ಅಕ್ಟೋಬರ್ 1959

ಮಾವಾ,

ಓದಿ ಹೇಳಿದೆ. ಕಾಫಿಮನೆಯ ಭಾಗಕ್ಕೆ ಅಪ್ಪ ನಕ್ಕು ನಕ್ಕು ಕೆಮ್ಮಿದರು. ಅಜ್ಜ ನಗಲಿಲ್ಲ. ಚಿಕ್ಕಮ್ಮನ ಗಂಡ ತೀರಿಹೋದ ಸಾಲನ್ನು ಹಿಂದಿನ ಕಾಗದದಿಂದ ಮತ್ತೆ ಓದಿಸಿದರು. ಆಮೇಲೆ ಕೇಳಿದರು, "ಮೂರು ದಿನವೂ ಬರೀ ನೀರೇ ಕುಡಿದ್ನಾ?"

"ಹೂಂ ಅಜ್ಜ."

"ಒಂದು ಸಲವೂ ಲೋಟ ಬಿಟ್ಟು ಏಳ್ಲಿಲ್ವಾ?"

"ಇಲ್ಲ."

"ಹ್ಞೂಂ" ಅಂದರು.

ಚಳಿ ಶುರುವಾಗಿಲ್ಲವಂತೆ ಎಂದು ಹೇಳಿದೆ. "ಹಾಗಾದ್ರೆ ಪ್ರಯಾಣಕ್ಕೆ ತೊಂದ್ರೆಯಿಲ್ಲ" ಅಂದವರು ನನ್ನ ಮುಖ ನೋಡಿ, "ನಾನು ಆ ತಿಂಡಿಪೋತನ ವಿಷಯ ಹೇಳಿದ್ದು" ಅಂದರು. ಲೋಟ ಇನ್ನೂ ಕವುಚಿಯೇ ಇದೆ. ನಾನೇ ಎತ್ತಿಡಲೇ ಎಂದು ಒಮ್ಮೆ ಕೈ ಚಾಚಿದ್ದೆ. ಬೇಡವೆನಿಸಿತು. ನನ್ನ ಕೈಯಿಂದ ಆಗುವ ಕೆಲಸವಲ್ಲ.

ಹದಿನಾಲ್ಕರ ಒಳಗೆ ಹಿಟ್ಟು ನಾದಲೇಬೇಕು.

ದೊರೀನಾ

*

ವಿಯೆನ್ನಾ
9 ಅಕ್ಟೋಬರ್ 1959

ದೊರೀ,

ಸೋಮವಾರದ ರೈಲಿಗೆ ಎರ್ಮಿ ಹೊರಡುತ್ತಾಳೆ. ಮಂಗಳವಾರ ಬೆಳಿಗ್ಗೆ ಸೇತುವೆಯ ಹತ್ತಿರ ಇಳಿಯುತ್ತಾಳೆ. ಹಿಟ್ಟು ನಾದಿ, ಬೇಯಿಸಿ, ಸಂಜೆ ಬಸ್ಸಿಗೆ ವಾಪಸಂತೆ. ಊಟಕ್ಕೆ ಕೂರುವುದಿಲ್ಲವಂತೆ. "ಅಕ್ಕನ ಕೆಲಸ ಮಾಡಿ ಬರ್ತೀನಿ, ಅಷ್ಟೇ" ಅನ್ನುತ್ತಾಳೆ. ನಾನು ವಾದ ಮಾಡಲಿಲ್ಲ. ನನ್ನ ಜೀವನದಲ್ಲಿ ಇದೇ ಮೊದಲು.

ನಾನು ಜೊತೆಗೆ ಬರುವುದಿಲ್ಲ. ಬಂದರೆ ಬಾಯಿ ಸುಮ್ಮನಿರುವುದಿಲ್ಲ. ವೆನಿಸ್ ಅನ್ನುತ್ತೇನೆ, ಕಪ್ಪು ಅನ್ನ ಅನ್ನುತ್ತೇನೆ, ಅಪ್ಪ ನನ್ನನ್ನು ಬೈಯುತ್ತ ಅವಳನ್ನು ನೋಡದೆ ದಿನ ಕಳೆದುಬಿಡುತ್ತಾರೆ. ಅವರಿಬ್ಬರ ನಡುವೆ ಸುಮ್ಮನಿರುವ ಜಾಗ ಬೇಕು. ಅದಕ್ಕೇ ನಾನು ಸಾಲ್ಜ್‌ಬರ್ಗಿಗೆ ಹೋಗುತ್ತೇನೆ. ಅಲ್ಲಿ ಮೊಟ್ಟೆಯ ಬಿಳಿಯನ್ನು ಹಿಮದ ಬೆಟ್ಟಗಳ ಹಾಗೆ ಉಬ್ಬಿಸಿ ತಂದಿಡುತ್ತಾರಂತೆ. ಅದನ್ನು ಯಾರಾದರೂ ಹೋಗಿ ಪರೀಕ್ಷಿಸಬೇಕಲ್ಲ.

ಭಾವನಿಗೆ ಹೇಳು: ಮದುವೆಗೆ ಸೂಟು ಬರುತ್ತದೆ. ಎಲ್ಲ ಗುಂಡಿಗಳೂ ಬರುತ್ತವೆ ಎಂದು ಹೇಳಲಾರೆ.

ಮಂಗಳವಾರ ಏನಾಯಿತೆಂದು ಒಂದೂ ಬಿಡದೆ ಬರೆ.

ಮಾವ

*

ಮೊಂಟೆಸ್ಪಿನೊ
14 ಅಕ್ಟೋಬರ್ 1959

ಮಾವಾ,

ಒಂದೂ ಬಿಡದೆ ಬರೆಯುತ್ತೇನೆ.

ಚಿಕ್ಕಮ್ಮ ಬಾಗಿಲಲ್ಲಿ ನಿಂತರು. ಅಜ್ಜ ವಾಲ್ನಟ್ ಒಡೆಯುತ್ತಿದ್ದರು. ಚಿಕ್ಕಮ್ಮ ಮೊದಲು ನೋಡಿದ್ದು ಹಲಗೆಯನ್ನು. ಲೋಟ ಕವುಚಿತ್ತು. ಅವರ ಮೂಗಿನ ತುದಿ ಕೆಂಪಾಯಿತು. ಅಂಗಿಯ ತೋಳು ಮೇಲಕ್ಕೆ ಮಡಚಿ, ಕೈ ತೊಳೆದುಕೊಂಡು, "ಹಿಟ್ಟು ಎಲ್ಲಿದೆ ಮಗಾ?" ಅಂದರು.

ಮಾವ, ಆ ಕೈಗಳು! ಹಿಟ್ಟನ್ನು ಎತ್ತಿ ಒಗೆಯುವಾಗ ಮೇಜಿನ ಜೊತೆಗೆ ನೆಲವೂ ಮಿಡಿಯುತ್ತಿತ್ತು. ನನ್ನ ಕೈಯನ್ನೂ ಹಿಟ್ಟಿನೊಳಗೆ ಹಿಡಿದು ತಿರುಗಿಸಿದರು. "ನಿಮ್ಮಮ್ಮ ಎಡಗೈಲಿ ಮಡಚ್ತಿದ್ಲು, ಹೀಗೆ" ಅಂದರು. ಅಮ್ಮನ ಬಗ್ಗೆ ನನಗೆ ಇದುವರೆಗೆ ಯಾರೂ ಹೇಳದ ವಿಷಯ. ಅಜ್ಜ ಒಡೆದ ಕಾಯಿಯ ತಿರುಳನ್ನು ಮೇಜಿನ ಮೇಲೆ ದೂಡುತ್ತಿದ್ದರು, ಚಿಕ್ಕಮ್ಮ ತೆಗೆದುಕೊಳ್ಳುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೀನಿದ್ದಿದ್ದರೆ ಖಂಡಿತ ಏನಾದರೂ ಅನ್ನುತ್ತಿದ್ದೆ.

ಸಂಜೆ ಗುಬಾನಾ ಒಲೆಯಿಂದ ಬಂತು. ಮನೆಯೆಲ್ಲ ಬೆಣ್ಣೆ, ದಾಲ್ಚಿನ್ನಿಯ ಪರಿಮಳ. ಚಿಕ್ಕಮ್ಮ ಕೋಟು ಹಾಕಿಕೊಂಡರು. ನನ್ನ ಹಣೆಗೆ ಮುತ್ತು ಕೊಟ್ಟರು. ಬಾಗಿಲ ಹಿಡಿಗೆ ಕೈ ಹಾಕಿದರು.

ಅಜ್ಜ ಎದ್ದರು. ಊರುಗೋಲು ಮರೆತು ಎದ್ದರು, ಮಾವ. ಗೋಡೆ ಹಿಡಿದುಕೊಂಡು ಹಲಗೆಯ ಹತ್ತಿರ ಹೋಗಿ ಆ ಲೋಟವನ್ನು ಇಳಿಸಿದರು. ಊದಿದರು. ಅಂಗಿಯ ತುದಿಯಿಂದ ಒಳಗೆ ಹೊರಗೆ ಒರೆಸಿದರು, ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದರು. ಮೇಜಿನ ಮೇಲೆ ನೆಟ್ಟಗೆ ಇಟ್ಟು ಹೂಜಿ ಬಗ್ಗಿಸಿದರು. ಸ್ವಲ್ಪ ವೈನು ಮೇಜಿನ ಮೇಲೆ ಚೆಲ್ಲಿತು. ಆದರೂ ಕಂಠದವರೆಗೆ ತುಂಬಿದರು.

ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. "ಬಸ್ಸಿನ ಹೊತ್ತಾಯ್ತು" ಅಂದರು, ತೀರ ಸಣ್ಣ ದನಿಯಲ್ಲಿ.

 ಅಜ್ಜ ಲೋಟವನ್ನು ಅವರ ಕಡೆ ಒಂದು ಬೆರಳಷ್ಟು ಸರಿಸಿದರು.

ಚಿಕ್ಕಮ್ಮ ನಿಂತೇ ಕುಡಿದರು. ಅಜ್ಜ ತುಂಬಿದರು. ಕೂತು ಕುಡಿದರು. ಅಜ್ಜ ತುಂಬಿದರು. ಸೇತುವೆಯ ಹತ್ತಿರ ಬಸ್ಸಿನ ಹಾರನ್ ಕೇಳಿಸಿತು. ಇನ್ನೊಂದು ಸಲ ಕೇಳಿಸಿತು. ಯಾರೂ ಅಲುಗಲಿಲ್ಲ.

"ಅಪ್ಪಾ, ಸಾಕು" ಅಂದರು ಚಿಕ್ಕಮ್ಮ. ಅಳುತ್ತಿದ್ದರು.

"ಏನು ಸಾಕು? ನಿಮ್ಮಣ್ಣನಿಗೆ ಮೂರು ದಿನ ನೀರು ಕುಡಿಸಿದ್ಯಲ್ಲ" ಅಂದರು ಅಜ್ಜ, ಹೂಜಿ ಎತ್ತುತ್ತಾ. "ನಾನು ಇನ್ನೂ ಈಗ ಶುರು ಮಾಡಿದೀನಿ ಅಷ್ಟೇ."

ನೀನು ಸೂಟು ತೆಗೆದುಕೊಂಡು ಬೇಗ ಬಾ. ನಿನ್ನ ಕೋಣೆಯಲ್ಲಿ ಚಿಕ್ಕಮ್ಮ ಮಲಗಿದ್ದಾರೆ, ನಿನಗೆ ಅಟ್ಟ.

ದೊರೀನಾ

*

ಸಾಲ್ಜ್‌ಬರ್ಗ್
18 ಅಕ್ಟೋಬರ್ 1959

ನನ್ನ ದೊರೀ,

ನಿನ್ನ ಕಾಗದವನ್ನು ನದಿಯ ದಂಡೆಯ ಬೆಂಚಿನ ಮೇಲೆ ಓದಿದೆ. ನಾನು ಅಳಲಿಲ್ಲ. ಈ ಊರಿನಲ್ಲಿ ಗಾಳಿ ಜಾಸ್ತಿ.

ಮೊಟ್ಟೆಯ ಬೆಟ್ಟ ಮೇಜಿಗೆ ಬಂತು. ಮೂರು ಶಿಖರ, ಮೇಲೆ ಸಕ್ಕರೆಯ ಹಿಮ, ಉಸಿರಾಡಿದರೆ ನಡುಗುತ್ತದೆ. ಚಮಚ ಹಿಡಿದುಕೊಂಡು ನಿನ್ನ ಕಾಗದವನ್ನು ಇನ್ನೊಂದು ಸಲ ಓದುವಷ್ಟರಲ್ಲಿ ಅದು ತಟ್ಟೆಯಲ್ಲಿ ಕುಸಿದು ಕೂತಿತ್ತು. ಕುಸಿದದ್ದನ್ನೇ ತಿಂದೆ. ಸೂಟಿನ ಕೊನೆಯ ಗುಂಡಿ ಹಾರಿ ಪಕ್ಕದ ಮೇಜಿನ ಸಾರಿನೊಳಗೆ ಬಿತ್ತು. ಭಾವನಿಗೆ ನಾನೇ ಹೇಳುತ್ತೇನೆ.

ಇಪ್ಪತ್ತೊಂದಕ್ಕೆ ಬರುತ್ತೇನೆ. ಬಂದ ಮೇಲೆ ಇಡೀ ಚಳಿಗಾಲ ಜಂಬ ಕೊಚ್ಚುತ್ತೇನೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ನೀರಿನ ಮೇಲಿನ ಊರು ನೋಡಿದವನು, ಚಿನ್ನದ ಚಾವಣಿ ನೋಡಿದವನು, ಸಮುದ್ರಕ್ಕೆ ಸೂರ್ಯನನ್ನು ಕಳಿಸಿಕೊಟ್ಟವನು, ಆಕಾಶದ ಚಕ್ರದಲ್ಲಿ ಕೂತವನು ನಮ್ಮ ಬೆಟ್ಟದಲ್ಲಿ ಇನ್ಯಾರಿದ್ದಾರೆ?

ಆದರೆ ಅಪ್ಪ ಊರುಗೋಲು ಮರೆತು ಎದ್ದದ್ದನ್ನು ನಾನು ನೋಡಲಿಲ್ಲ. ನೋಡಿದವಳು ನೀನು. ಅಟ್ಟದ ಮೆಟ್ಟಿಲ ಮೇಲೆ ಕೂತು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ, ಮೊದಲಿನಿಂದ ಹೇಳು. ಅವರು ಲೋಟ ಒರೆಸಿದ್ದನ್ನು ನಿಧಾನವಾಗಿ ಹೇಳು.

ಏನೂ ನೋಡದ
ನಿನ್ನ ಮಾವ
ಆಲ್ಚೀದೆ